ನಾಯಿಯ ಬಟ್ಟಲಿಗೆ ಮಂಜುಗಡ್ಡೆ ಬಂದ ದಾರಿ

ಒಂದು ಬಟ್ಟಲು ಹುಳಿಯಿಲ್ಲದ ಮೊಸರು, ಚೆನ್ನಾಗಿ ಹಣ್ಣಾದ ಅರ್ಧ ಬಾಳೆಹಣ್ಣು, ಬೇಯಿಸಿ ಕಿವುಚಿದ ಸಿಹಿಗುಂಬಳದ ಎರಡು ಚಮಚ. ಸಕ್ಕರೆಯೂ ಬೇಡ, ಉಪ್ಪೂ ಬೇಡ. ಎಲ್ಲವನ್ನೂ ಕಲಸಿ ಇಡ್ಲಿ ತಟ್ಟೆಯ ಗುಳಿಗಳಿಗೆ ಸುರಿದು ಫ್ರೀಜರಿನಲ್ಲಿ ನಾಲ್ಕೈದು ಗಂಟೆ ಇಟ್ಟರೆ ನಾಯಿಯ ಐಸ್ ಕ್ಯಾಂಡಿ ಸಿದ್ಧ. ಏಪ್ರಿಲ್ ತಿಂಗಳಲ್ಲಿ ನಾನು ಇದನ್ನು ವಾರಕ್ಕೆರಡು ಸಲ ಮಾಡುತ್ತೇನೆ. ಮಾಡುವಾಗೆಲ್ಲ ಮನೆಗೆ ಬಂದ ಹಿರಿಯರಲ್ಲಿ ಯಾರಾದರೊಬ್ಬರು, "ನಾಯಿಗೂ ಐಸ್‌ಕ್ರೀಮಾ? ಕಾಲ ಎಲ್ಲಿಗೆ ಬಂತಪ್ಪಾ!" ಎಂದು ನಗುವುದುಂಟು.

ನಗುವವರ ಪ್ರಶ್ನೆ ಸಣ್ಣದಲ್ಲ. ಕಾಲ ಇಲ್ಲಿಗೆ ಬಂದದ್ದು ಹೇಗೆ ಎಂದು ಹುಡುಕುತ್ತ ಹೋದರೆ ಎರಡು ಉದ್ದನೆಯ ಕಥೆಗಳು ಸಿಗುತ್ತವೆ. ಒಂದು, ನಾಯಿ ಏನು ಉಣ್ಣುತ್ತಿತ್ತು ಎಂಬುದು. ಇನ್ನೊಂದು, ತಂಪು ಯಾರಿಗೆ ಸಿಗುತ್ತಿತ್ತು ಎಂಬುದು. ಎರಡೂ ಮೇಲ್ನೋಟಕ್ಕೆ ಆಹಾರದ ಚರಿತ್ರೆ. ಒಳಗೆ ಅವು ಪಾಲಿನ ಚರಿತ್ರೆ: ಯಾರಿಗೆ ಮೊದಲು, ಯಾರಿಗೆ ಉಳಿದದ್ದು, ಯಾರಿಗೆ ಏನೂ ಇಲ್ಲ.

ಮೊದಲು ನಾಯಿಯ ಊಟ. ನಮ್ಮ ಗಾದೆ ಅದನ್ನು ನಾಲ್ಕೇ ಮಾತಿನಲ್ಲಿ ಮುಗಿಸಿದೆ: ಹಳಸಿದ ಅನ್ನಕ್ಕೆ ಹಸಿದ ನಾಯಿ. ನಾಯಿಗೆ ಬರುವುದು ಎಂಜಲು, ಮುಸುರೆ, ಮಿಕ್ಕಿದ್ದು. ಇದು ಎಷ್ಟು ಹಳೆಯ ಪದ್ಧತಿ ಎಂದರೆ ನಾಯಿಯ ಮೈಯಲ್ಲೇ ಬರೆದುಹೋಗಿದೆ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ ತೋಳ ಮತ್ತು ನಾಯಿಗಳ ವಂಶವಾಹಿಗಳನ್ನು ಹೋಲಿಸಿ ನೋಡಿತು. ಪಿಷ್ಟವನ್ನು ಅರಗಿಸಲು ಬೇಕಾದ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡು ಪ್ರತಿಯಷ್ಟೇ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇತ್ತು. ಮನುಷ್ಯ ಬೇಸಾಯಕ್ಕೆ ಇಳಿದ ಮೇಲೆ ಅವನ ಒಲೆಯ ಸುತ್ತ ಸುಳಿದಾಡಿ, ಗಂಜಿ ರೊಟ್ಟಿಗಳ ಚೂರು ತಿಂದು ಬದುಕಬಲ್ಲ ನಾಯಿಗಳೇ ಹೆಚ್ಚು ಉಳಿದವು. ನಾವು ಎಸೆದದ್ದನ್ನು ತಿನ್ನುತ್ತಲೇ ತೋಳದ ಕುಲ ನಾಯಿಯ ಕುಲವಾಯಿತು. ಬಯಲುಸೀಮೆಯ ನಾಯಿ ಮುದ್ದೆ, ರೊಟ್ಟಿ ತಿಂದು ಗಟ್ಟಿಮುಟ್ಟಾಗಿರುವುದು ಈ ಒಪ್ಪಂದದ ಫಲ.

ಎಂಜಲಿನ ಒಪ್ಪಂದಕ್ಕೆ ಒಂದು ಧಾರ್ಮಿಕ ಮುಖವೂ ಇತ್ತು. ಗೃಹಸ್ಥ ತಾನು ಉಣ್ಣುವ ಮೊದಲು ವೈಶ್ವದೇವ ಮಾಡಿ, ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ನೆಲದ ಮೇಲೆ ಅನ್ನ ಇಡಬೇಕೆಂದು ಧರ್ಮಶಾಸ್ತ್ರಗಳು ಹೇಳುತ್ತವೆ. ಕೇಳಲು ಹಿತವಾಗಿದೆ. ಆದರೆ ಮನುಸ್ಮೃತಿಯ ಅದೇ ಪಟ್ಟಿಯಲ್ಲಿ ನಾಯಿಯ ಪಕ್ಕದಲ್ಲಿಯೇ ಸಮಾಜ ಹೊರಗಿಟ್ಟ ಮನುಷ್ಯರೂ, ಕಾಯಿಲೆಯವರೂ ಇದ್ದಾರೆ. ಅವರಿಗೂ ಅನ್ನ ನೆಲದ ಮೇಲೆಯೇ. ನಾಯಿಯ ಪಾಲಿನ ಚರಿತ್ರೆ ಬರೆಯಲು ಕೂತವರು ಈ ಪಟ್ಟಿಯನ್ನು ಮರೆಯುವಂತಿಲ್ಲ. ನಾಯಿಗೆ ಎಲ್ಲಿ ಬಡಿಸುತ್ತಿದ್ದರು ಎಂಬುದರಲ್ಲಿ, ಯಾವ ಮನುಷ್ಯರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದೂ ಸೇರಿಕೊಂಡಿದೆ.

ಮಹಾಭಾರತ ಶುರುವಾಗುವ ಹೊತ್ತಿಗೇ ಒಂದು ನಾಯಿಮರಿಯ ದೂರು ಕೇಳಿಸುತ್ತದೆ. ಜನಮೇಜಯನ ಯಾಗಶಾಲೆಗೆ ಬಂದ ಮರಿಯನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಗೆ ತಾಯಿ ಸರಮೆ ಹೇಳುವ ಮಾತು, ನೀನೇನೋ ತಪ್ಪು ಮಾಡಿರಬೇಕು ಎಂದು. ಹವಿಸ್ಸನ್ನು ನೆಕ್ಕಿಲ್ಲ, ಕಣ್ಣೆತ್ತಿ ನೋಡಿಯೂ ಇಲ್ಲ ಎನ್ನುತ್ತದೆ ಮರಿ. ಸರಮೆ ನೇರ ರಾಜನ ಎದುರಿಗೆ ಹೋಗಿ, ತಪ್ಪು ಮಾಡದವನನ್ನು ಹೊಡೆದಿರಿ, ಕಾಣದ ಕಡೆಯಿಂದ ನಿಮಗೆ ಭಯ ಬರಲಿ ಎಂದು ಶಪಿಸುತ್ತಾಳೆ. ಅದೇ ಮಹಾಕಾವ್ಯದ ಕೊನೆಯಲ್ಲಿ ಧರ್ಮರಾಯ ತನ್ನ ಹಿಂದೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎನ್ನುತ್ತಾನೆ. ಬಾಯಿ ಹಾಕೀತೆಂಬ ಗುಮಾನಿಗೇ ಪೆಟ್ಟು ತಿಂದ ನಾಯಿ ಒಂದು ತುದಿಯಲ್ಲಿ, ಸ್ವರ್ಗದ ಬಾಗಿಲವರೆಗೆ ಜೊತೆ ನಡೆದ ನಾಯಿ ಇನ್ನೊಂದು ತುದಿಯಲ್ಲಿ.

ಕನ್ನಡ ನಾಡಿನಲ್ಲಿ ಈ ಕಥೆಗೆ ಕಲ್ಲಿನ ಸಾಕ್ಷಿ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಶಕ 872ರ, ಅಂದರೆ ಕ್ರಿ.ಶ. 949-50ರ ಕಾಲದ ಕಲ್ಲು. ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಬೂತುಗ, ತಕ್ಕೋಲದ ಯುದ್ಧ, ಚೋಳ ರಾಜಾದಿತ್ಯನ ಸಾವು ಎಲ್ಲವೂ ಇದರಲ್ಲಿವೆ. ಪಾಠಪುಸ್ತಕಗಳಿಗೆ ಬೇಕಾದದ್ದು ಅಷ್ಟೇ. ನನಗೆ ಬೇಕಾದದ್ದು ಕಲ್ಲಿನ ಮೇಲುಭಾಗದಲ್ಲಿ ಕೆತ್ತಿರುವ ಚಿತ್ರ: ಒಂದು ನಾಯಿ, ಒಂದು ಹಂದಿ, ಎರಡೂ ಕಾದಾಟದಲ್ಲಿ.

ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಮೆಚ್ಚಿದ ಒಡೆಯ ಬೇಕಾದ್ದು ಬೇಡಿಕೋ ಎನ್ನುತ್ತಾನೆ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ನಾಯಿಯನ್ನು ಕೆಳಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಚಲ್ಲೇಶ್ವರ ಗುಡಿಯ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆಂದು ಭೂಮಿ ಬಿಟ್ಟರು. ಶಾಸನದ ಕೊನೆಗೆ ಬರುವ ಕಟ್ಟಳೆ ನನ್ನ ಮಟ್ಟಿಗೆ ಇಡೀ ಕಲ್ಲಿನ ತೂಕದ್ದು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ತಪಸ್ವಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ.

ಉಣ್ಣುವ ಮೊದಲು ನಾಯಿಯ ಕಲ್ಲಿಗೆ ಪೂಜೆ. ಮನೆಯವರೆಲ್ಲ ಉಂಡ ಮೇಲೆ ಮಿಕ್ಕದ್ದನ್ನು ನಾಯಿಗೆ ಹಾಕುವ ಕ್ರಮವನ್ನು ಹತ್ತನೆಯ ಶತಮಾನದ ಈ ಕಲ್ಲು ತಲೆಕೆಳಗು ಮಾಡಿದೆ. ಹಾಗೆಂದು ಆತಕೂರಿನ ಎಲ್ಲ ನಾಯಿಗಳಿಗೂ ಮರ್ಯಾದೆ ಸಿಗುತ್ತಿತ್ತು ಎಂದುಕೊಳ್ಳಬೇಕಿಲ್ಲ. ಕಾಳಿಗೆ ಸಿಕ್ಕದ್ದು ವೀರಮರಣದ ಗೌರವ. ಸುಮ್ಮನೆ ಬದುಕಿದ್ದ ನಾಯಿಗೆ ಶಾಸನ ಬರೆಸಿದವರಿಲ್ಲ. ಈ ಪಂಕ್ತಿಭೇದ ಮುಂದೆಯೂ ನಿಂತಿತು. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ರಾಜನ ವಿನೋದಗಳ ನಡುವೆ ಬೇಟೆನಾಯಿಗಳಿಗೂ ಜಾಗ ಕೊಡುತ್ತದೆ. ಅರಮನೆಯ ನಾಯಿ ಗ್ರಂಥಕ್ಕೆ ಬಂತು, ಬೀದಿಯ ನಾಯಿ ಗಾದೆಗೆ ಬಂತು.

ಗೊರವ ಎಂಬ ಪದ ಜನಪದದಲ್ಲಿ ಇನ್ನೊಂದು ದಾರಿ ಹಿಡಿಯಿತು. ಮೈಲಾರಲಿಂಗನ ಭಕ್ತರಾದ ಗೊರವರು ಕರಿ ಕಂಬಳಿ, ಕವಡೆ, ಡಮರುಗಗಳೊಡನೆ ಊರೂರು ಸುತ್ತುತ್ತಾರೆ. ತಾವು ಮೈಲಾರನ ನಾಯಿಗಳು ಎಂದೇ ಅವರು ಹೇಳಿಕೊಳ್ಳುವುದು. ಹೂವಿನಹಡಗಲಿ ಬಳಿಯ ಮೈಲಾರದ ಜಾತ್ರೆಗೆ ಹೋದವರು 'ದೋಣಿ'ಯ ಸೇವೆಯನ್ನು ಕಂಡಿರಬಹುದು. ದೋಣಿ ಎಂದು ಕರೆಯುವ ಪಾತ್ರೆಗೆ ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಹಾಕುತ್ತಾರೆ. ಗೊರವರು ನಾಯಿಗಳಂತೆ ಬೊಗಳುತ್ತ ಬಂದು, ಬಾಯಿ ಹಾಕಿ ಉಣ್ಣುತ್ತಾರೆ. ಭಕ್ತಿಯಲ್ಲಿ ಮನುಷ್ಯ ತನ್ನನ್ನು ಎಷ್ಟು ತಗ್ಗಿಸಿಕೊಳ್ಳಬಲ್ಲ ಎಂಬುದಕ್ಕೆ ವಿದ್ವಾಂಸರು ಇದನ್ನು ಉದಾಹರಿಸುತ್ತಾರೆ. ನಾನು ನೋಡುವುದು ಪಾತ್ರೆಯ ಒಳಗೆ. ಅಲ್ಲಿರುವುದು ಹಳಸಿದ ಅನ್ನವಲ್ಲ, ಪಂಚಾಮೃತದ ಸಾಮಗ್ರಿ. ದೇವರ ನಾಯಿಗೆ ಏನು ಬಡಿಸಬೇಕು ಎಂದು ಯೋಚಿಸಿದಾಗ ನಮ್ಮ ಜನಕ್ಕೆ ಹೊಳೆದದ್ದು ಹಾಲು, ಬಾಳೆಹಣ್ಣು. ಬೆಲ್ಲ ತುಪ್ಪಗಳನ್ನು ಬಿಟ್ಟು, ಹಾಲಿನ ಜಾಗದಲ್ಲಿ ಮೊಸರು ಇಟ್ಟರೆ, ಇವತ್ತಿನ ಫ್ರೀಜರಿನ ತಿನಿಸು ಅದಕ್ಕೆ ದೂರದ್ದೇನಲ್ಲ.

ನಾಯಿಗೆಂದೇ ಬೇರೆ ಆಹಾರ ತಯಾರಿಸಿ ಅಂಗಡಿಯಲ್ಲಿ ಮಾರುವ ಪದ್ಧತಿ ದೊಡ್ಡ ಮಟ್ಟದಲ್ಲಿ ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ. ಅಮೆರಿಕದ ಜೇಮ್ಸ್ ಸ್ಪ್ರಾಟ್ ಸಿಡಿಲು ತಡೆಯುವ ಸಲಾಕೆಗಳನ್ನು ಮಾರಲು ಅಲ್ಲಿಗೆ ಹೋಗಿದ್ದ. ಹಡಗಿನವರು ಎಸೆದ ಒಣ ಬಿಸ್ಕತ್ತಿಗೆ ಬಂದರಿನ ನಾಯಿಗಳು ಮುಗಿಬೀಳುವುದನ್ನು ಕಂಡು ಅವನಿಗೆ ಉಪಾಯ ಹೊಳೆಯಿತು ಎಂಬ ಕಥೆ ಇದೆ. 1860ರ ದಶಕದಲ್ಲಿ ಅವನ ನಾಯಿ ಬಿಸ್ಕತ್ತು ಮಾರುಕಟ್ಟೆಗೆ ಬಂತು. ಅವನ ಕಂಪನಿಯಲ್ಲಿ ದುಡಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ನಾಯಿ ಪ್ರದರ್ಶನ ಶುರುಮಾಡಿದ. ಕ್ರಫ್ಟ್ಸ್ ಇಂದಿಗೂ ನಡೆಯುತ್ತಿದೆ. ತಳಿಯ ನಾಯಿ, ಪ್ರದರ್ಶನ, ಪೊಟ್ಟಣದ ಆಹಾರ ಮೂರೂ ಒಟ್ಟಿಗೆ ಬೆಳೆದವು. 1922ರಲ್ಲಿ ಅಮೆರಿಕದಲ್ಲಿ ಕುದುರೆ ಮಾಂಸದ ಡಬ್ಬಿ ಬಂತು. ಮೋಟಾರು ಬಂದು ಕೆಲಸ ಕಳೆದುಕೊಂಡ ಕುದುರೆಗಳು ನಾಯಿಯ ಡಬ್ಬಿ ಸೇರಿದವು. ಮನೆಯ ಮಿಕ್ಕಿದ ಊಟ ನಾಯಿಗೆ ಒಳ್ಳೆಯದಲ್ಲ ಎಂಬ ಮಾತು ಜಾಹೀರಾತಿನ ಜೊತೆ ಮನೆಮನೆಗೆ ಹೋಯಿತು. ಆ ಮಾತಿನಲ್ಲಿ ಅರ್ಧ ವಿಜ್ಞಾನ, ಅರ್ಧ ವ್ಯಾಪಾರ.

ಇನ್ನು ತಂಪಿನ ಕಥೆ.

ಬಿಸಿಲ ನಾಡಿನಲ್ಲಿ ತಂಪು ಎಂದರೆ ಅಧಿಕಾರ. ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಬಾದಶಹನ ಕುಡಿಯುವ ನೀರಿನ ವ್ಯವಸ್ಥೆಗೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಕೋವಿಮದ್ದಿನಲ್ಲಿ ಬೆಂಕಿ ಹುಟ್ಟಿಸುವ ಪೆಟ್ಲುಪ್ಪು ಅರಮನೆಯಲ್ಲಿ ನೀರು ತಣಿಸುತ್ತಿತ್ತು. ಅದು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆ ನೀರಿನಲ್ಲಿ ಹೂಜಿ ಅಲ್ಲಾಡಿಸಿದರೆ ಒಳಗಿನ ನೀರು ತಣ್ಣಗಾಗುತ್ತದೆ. ಅಕ್ಬರ ಪಂಜಾಬಿಗೆ ಬೀಡು ಬದಲಾಯಿಸಿದ ಮೇಲೆ, 1586ರಿಂದ, ಬೆಟ್ಟಗಳ ಹಿಮ ದೋಣಿ, ಗಾಡಿ, ಹೊರೆಯಾಳುಗಳ ಮೂಲಕ ಲಾಹೋರಿಗೆ ಬರತೊಡಗಿತು.

ಹಿಮವಿಲ್ಲದ ಬಯಲಿನಲ್ಲೂ ಮಂಜುಗಡ್ಡೆ ಮಾಡುವ ಜಾಣ್ಮೆ ಇತ್ತು. ಅಲಹಾಬಾದಿನಲ್ಲಿ ಕಂಡ ವಿಧಾನವನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಎರಡಡಿ ಆಳದ ಅಗಲವಾದ ಗುಂಡಿ ತೋಡಿ, ಒಣಗಿದ ಕಬ್ಬಿನ ಸೋಗೆ, ಜೋಳದ ದಂಟು ಹಾಸಿ, ಮೇಲೆ ಕಾಯಿಸಿ ಆರಿಸಿದ ನೀರು ತುಂಬಿದ ಮಣ್ಣಿನ ಚಿಕ್ಕ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ಚಳಿಗಾಲದ ತಿಳಿ ಆಕಾಶದ ರಾತ್ರಿ ನೀರಿನ ಶಾಖ ಮೇಲಕ್ಕೆ ಹೊರಟುಹೋಗುತ್ತದೆ, ಕೆಳಗಿನ ಹುಲ್ಲು ನೆಲದ ಬಿಸಿ ತಾಗಗೊಡುವುದಿಲ್ಲ. ಬೆಳಗಿನ ಜಾವ ಕೂಲಿಯವರು ಬಂದು ತಟ್ಟೆಗಳಿಂದ ಮಂಜಿನ ಹಾಳೆ ಬಿಡಿಸಿ, ಬೇಸಿಗೆಗೆಂದು ಹಗೇವಿನಂಥ ಗುಂಡಿಯಲ್ಲಿ ಕೂಡಿಡುತ್ತಿದ್ದರು. ಕೊರೆಯುವ ಬೆಳಗಿನಲ್ಲಿ ಮಂಜು ಬಿಡಿಸಿದ ಬೆರಳುಗಳು ಯಾರವೋ, ಮೇ ತಿಂಗಳಲ್ಲಿ ಅದರ ಶರಬತ್ತು ಕುಡಿದ ಬಾಯಿಗಳು ಯಾರವೋ.

1833ರಲ್ಲಿ ಬಾಸ್ಟನ್ನಿನ ಫ್ರೆಡೆರಿಕ್ ಟ್ಯೂಡರ್ 'ಟಸ್ಕನಿ' ಎಂಬ ಹಡಗಿನಲ್ಲಿ 180 ಟನ್ ಮಂಜುಗಡ್ಡೆ ತುಂಬಿ ಕಲ್ಕತ್ತೆಗೆ ಕಳಿಸಿದ. ಮೇ ತಿಂಗಳಲ್ಲಿ ಹೊರಟ ಹಡಗು ಸೆಪ್ಟೆಂಬರಿಗೆ ಮುಟ್ಟುವ ಹೊತ್ತಿಗೆ ಸುಮಾರು 100 ಟನ್ ಉಳಿದಿತ್ತು. ಕೆರೆಗಳಿಂದ ಕೊಯ್ದ ಗಡ್ಡೆಗಳನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಅರ್ಧ ಭೂಗೋಳ ದಾಟಿಸುವ ಈ ವ್ಯಾಪಾರ ಕಲ್ಕತ್ತೆ, ಬೊಂಬಾಯಿ, ಮದರಾಸುಗಳಲ್ಲಿ ಐಸ್ ಹೌಸ್‌ಗಳನ್ನು ಎಬ್ಬಿಸಿತು. ತಾನು ವಾಸವಿದ್ದ ವಾಲ್ಡನ್ ಕೊಳದಿಂದ ಮಂಜು ಕೊಯ್ದು ಒಯ್ಯುವುದನ್ನು ಕಂಡ ಥೋರೋ, ಮದರಾಸಿನವರು ತನ್ನ ಬಾವಿಯ ನೀರು ಕುಡಿಯುವುದನ್ನು ಊಹಿಸಿಕೊಂಡ. ಮದರಾಸಿನ ಕಡಲ ದಂಡೆಯ ಐಸ್ ಹೌಸ್ ಈಗ ವಿವೇಕಾನಂದರ್ ಇಲ್ಲಂ. 1897ರಲ್ಲಿ ಪಶ್ಚಿಮದಿಂದ ಮರಳಿದ ವಿವೇಕಾನಂದರು ಉಳಿದದ್ದು ಅಲ್ಲಿಯೇ. ಅಷ್ಟರಲ್ಲಿ ಆವಿಯಂತ್ರದಿಂದ ಇಲ್ಲಿಯೇ ಮಂಜುಗಡ್ಡೆ ತಯಾರಾಗತೊಡಗಿ ಹಡಗಿನ ಮಂಜು ನಿಂತುಹೋಗಿತ್ತು.

ತಂಪು ಇಳಿದುಬಂದ ಕ್ರಮ ಗಮನಿಸಿ. ಮೊದಲು ಬಾದಶಹ ಮತ್ತವನ ಅಮೀರರು. ಬಳಿಕ ಕಂಪನಿಯ ದೊರೆಗಳು, ಅವರ ಕ್ಲಬ್ಬುಗಳು, ಅವರ ಆಸ್ಪತ್ರೆಗಳು. ಆಮೇಲೆ ಸೋಡಾ ಅಂಗಡಿ, ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಗಂಟೆ ಬಾರಿಸುತ್ತ ಶಾಲೆಯ ಗೇಟಿಗೆ ಬರುವ ಐಸ್ ಕ್ಯಾಂಡಿಯವನು. 1958ರಲ್ಲಿ ಗೋದ್ರೆಜ್ ದೇಶದೊಳಗೇ ಫ್ರಿಜ್ ತಯಾರಿಸಲು ತೊಡಗಿದರೂ, ಮಧ್ಯಮವರ್ಗದ ಅಡುಗೆಮನೆಗೆ ಅದು ಸಾಮಾನ್ಯ ವಸ್ತುವಾಗಲು ಇನ್ನೂ ಕೆಲವು ದಶಕ ಬೇಕಾದವು. ಈ ಸಾಲಿನ ಕಟ್ಟಕಡೆಯಲ್ಲಿ ನಾಯಿ ನಿಂತಿದೆ.

ಎರಡು ಕಥೆಗಳು ಕೂಡಿದ್ದು ಅಮೆರಿಕದಲ್ಲಿ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಪೋಷಣೆ ಕುರಿತು ಪಾಠ ಹೇಳುತ್ತಿದ್ದ ವಿಲಿಯಂ ಟಿಜ್ನಿಕ್ ನಾಯಿಗೆಂದೇ ಹೆಪ್ಪುಗಟ್ಟಿಸಿದ ತಿನಿಸೊಂದನ್ನು ರೂಪಿಸಿದರು. ಅದು 'ಫ್ರಾಸ್ಟಿ ಪಾಸ್' ಎಂಬ ಹೆಸರಿನಲ್ಲಿ ಅಂಗಡಿಗಳ ಐಸ್‌ಕ್ರೀಮ್ ಪೆಟ್ಟಿಗೆಯೊಳಗೆ ಬಂತು. ಮನುಷ್ಯರ ಐಸ್‌ಕ್ರೀಮನ್ನೇ ಹಾಕಿದರಾಗದೆ ಎಂದು ಕೇಳಬಹುದು. ಆಗದು. ತಾಯಿಯ ಹಾಲು ಬಿಟ್ಟ ಮೇಲೆ ಹೆಚ್ಚಿನ ನಾಯಿಗಳಿಗೆ ಹಾಲಿನ ಸಕ್ಕರೆ ಅಷ್ಟಾಗಿ ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಮೊಸರಿನಲ್ಲಿ ಆ ಸಕ್ಕರೆಯ ಒಂದು ಪಾಲನ್ನು ಹೆಪ್ಪಿನ ಸೂಕ್ಷ್ಮಜೀವಿಗಳು ಮೊದಲೇ ತಿಂದಿರುತ್ತವೆ. ನಾನು ಮೊಸರು ಹಾಕುವುದು ಅದಕ್ಕೆ. ಅದೂ ಒಗ್ಗದ ನಾಯಿಗೆ ತೆಳುವಾದ ರಾಗಿ ಅಂಬಲಿ ಹೆಪ್ಪುಗಟ್ಟಿಸಿದರೆ ಸಾಕು, ಉಪ್ಪು ಹಾಕದೆ. ಬೀಜ, ಸಿಪ್ಪೆ ತೆಗೆದ ಕಲ್ಲಂಗಡಿಯೂ ಆದೀತು.

ಏನು ಹಾಕಬಾರದು ಎಂಬ ತಿಳಿವಳಿಕೆಗೂ ಒಂದು ಚರಿತ್ರೆ ಇದೆ, ಮತ್ತು ಅದು ತೀರಾ ಇತ್ತೀಚಿನದು. ಚಾಕೊಲೇಟಿನಲ್ಲಿರುವ ಥಿಯೋಬ್ರೊಮಿನ್, ಈರುಳ್ಳಿ ಬೆಳ್ಳುಳ್ಳಿಗಳು ನಾಯಿಗೆ ವಿಷ ಎಂಬುದು ಹಳೆಯ ಮಾತು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತದೆಂದು ಪಶುವೈದ್ಯರು ಪತ್ರಿಕೆಯಲ್ಲಿ ಎಚ್ಚರಿಸಿದ್ದು 2001ರಲ್ಲಿ. ಕಾರಣ ಟಾರ್ಟಾರಿಕ್ ಆಮ್ಲ ಇರಬಹುದೆಂದು ಸೂಚಿಸಿದ್ದು 2021ರಲ್ಲಿ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಸಾರು, ಹುಳಿ, ಗೊಜ್ಜು ಕಲಸಿದ ಅನ್ನವನ್ನು ನಾಯಿಗೆ ಹಾಕುವ ನಮ್ಮ ಮನೆಗಳು ಇದನ್ನು ತಿಳಿದಿರಬೇಕು. ಸಕ್ಕರೆಯಿಲ್ಲದ ಸಿಹಿತಿನಿಸು ಮತ್ತು ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿರುವ ಜೈಲಿಟಾಲ್ ಇನ್ನೂ ಅಪಾಯ. ಸ್ವಲ್ಪವೇ ಸಾಕು, ನಾಯಿಯ ರಕ್ತದ ಸಕ್ಕರೆ ಕುಸಿದುಬಿಡುತ್ತದೆ. ಎಂಜಲಿನ ಒಪ್ಪಂದ ಸಾವಿರಾರು ವರ್ಷ ನಡೆದದ್ದು ನಿಜ. ಆದರೆ ನಮ್ಮ ತಟ್ಟೆ ಬದಲಾದಷ್ಟು ವೇಗವಾಗಿ ನಾಯಿಯ ಹೊಟ್ಟೆ ಬದಲಾಗಿಲ್ಲ.

ಹಾಗಾದರೆ ಇದು ಬೇಕೇ? ಅಗತ್ಯವೆಂದು ನಾನು ವಾದಿಸಲಾರೆ. ನಾಯಿ ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರು, ಉಳಿದದ್ದೆಲ್ಲ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ನಡುಮಧ್ಯಾಹ್ನ ನೆಕ್ಕಲು ಒಂದು ತಣ್ಣನೆಯ ತುಣುಕು ಅದಕ್ಕೆ ಹಿತ, ಹೊತ್ತು ಕಳೆಯಲು ಒಂದು ಕೆಲಸ, ಒಂದಿಷ್ಟು ನೀರು. ಕಲ್ಲಿನಂಥ ಗಡ್ಡೆ ಕಚ್ಚಿದರೆ ಹಲ್ಲು ಸೀಳಬಹುದು, ಆದ್ದರಿಂದ ತಟ್ಟೆಯ ಮೇಲೆ ತೆಳ್ಳಗೆ ಹರಡಿ ಹೆಪ್ಪುಗಟ್ಟಿಸಿ ನೆಕ್ಕಲು ಕೊಡುವುದು ಮೇಲು. ಬಿಸಿಲಿನ ಹೊಡೆತಕ್ಕೆ ಸಿಕ್ಕಿ ತೂರಾಡುವ ನಾಯಿಗೆ ಇದು ಮದ್ದಲ್ಲ. ಅದನ್ನು ನೆರಳಿಗೆ ತಂದು, ಮೈಗೆ ನೀರು ಹೊಯ್ದು ಗಾಳಿ ಹಾಕುತ್ತ ವೈದ್ಯರಲ್ಲಿಗೆ ಓಡಬೇಕು.

ನಗುವ ಹಿರಿಯರ ಮಾತಿನೊಳಗೆ ಒಂದು ನೋವೂ ಇದೆ. ಮನುಷ್ಯರಿಗೇ ಸಿಗದ ಕಾಲದಲ್ಲಿ ಬೆಳೆದವರು ಅವರು. ನೆಲದ ಮೇಲೆ ಅನ್ನ ಇಡಿಸಿಕೊಂಡವರ ಮೊಮ್ಮಕ್ಕಳು ನಾಯಿಯ ಮೊಸರು ಕ್ಯಾಂಡಿಯನ್ನು ನೋಡಿ ಹುಬ್ಬೇರಿಸಿದರೆ ಅದನ್ನು ಕರುಣೆಯ ಕೊರತೆ ಎನ್ನಲಾಗದು. 2025ರ ಜುಲೈಯಲ್ಲಿ ಬೆಂಗಳೂರು ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ದಿನವೂ ಕೋಳಿಮಾಂಸ ಬೆರೆಸಿದ ಅನ್ನ ಹಾಕುವ ಯೋಜನೆ ಮುಂದಿಟ್ಟಾಗ ಎದ್ದ ಗದ್ದಲ ನೆನಪಿರಬಹುದು. ಮಕ್ಕಳ ಬಿಸಿಯೂಟದಲ್ಲಿ ಇಲ್ಲದ್ದು ನಾಯಿಗೇಕೆ ಎಂದು ಕೆಲವರು, ಹಸಿದ ನಾಯಿಯೇ ಕಚ್ಚುವುದು ಎಂದು ಕೆಲವರು. ಮರುತಿಂಗಳು ಸುಪ್ರೀಂ ಕೋರ್ಟು ದೆಹಲಿಯ ನಾಯಿಗಳ ಪ್ರಕರಣದಲ್ಲಿ, ಗೊತ್ತುಪಡಿಸಿದ ಜಾಗದಲ್ಲಷ್ಟೇ ಬೀದಿನಾಯಿಗಳಿಗೆ ಉಣಿಸಬೇಕು ಎಂದಿತು. ನಾಯಿಗೆ ಅನ್ನ ಎಲ್ಲಿ ಇಡಬೇಕು ಎಂಬ ಮನುವಿನ ಕಾಲದ ಪ್ರಶ್ನೆ ಮತ್ತೆ ಕಟಕಟೆ ಹತ್ತಿತ್ತು. ಕಡಿತದ ಭಯ, ರೇಬಿಸ್‌ನ ಸಾವು ಸುಳ್ಳಲ್ಲ. ಬಿಸಿಲಿಗೆ ಚರಂಡಿಯಲ್ಲಿ ಮಲಗುವ ನಾಯಿಯ ದಾಹವೂ ಸುಳ್ಳಲ್ಲ.

ಮನೆಯೊಳಗಿನ ನಾಯಿಗೆ ಫ್ರೀಜರು, ಹೊರಗಿನದಕ್ಕೆ ಗಾದೆ ಎಂಬ ಭೇದ ನನ್ನ ಮನೆಯಲ್ಲೂ ಇದೆ. ಕಾಳಿಯ ಕಲ್ಲಿನ ಕಾಲಕ್ಕೂ ಇತ್ತು. ಅದನ್ನು ಒಂದು ತಟ್ಟೆ ಮೊಸರು ಅಳಿಸಲಾರದು. ಆದರೂ ಚರಿತ್ರೆ ಓದಿದ್ದರಿಂದ ನನಗೆ ಒಂದು ಲಾಭವಾಗಿದೆ: ನಾಯಿಗೆ ಮಾಡಿ ಕೊಡುವುದು ಹೊಸ ಕಾಲದ ಹುಚ್ಚು ಎಂದು ಯಾರಾದರೂ ಅಂದರೆ ಮೈಲಾರದ ದೋಣಿಯನ್ನು ತೋರಿಸುತ್ತೇನೆ. ನಾಯಿಗೆ ಯಾವತ್ತೂ ನಮ್ಮಲ್ಲಿ ಮರ್ಯಾದೆ ಇತ್ತು ಎಂದು ಬೀಗುವವರಿಗೆ ನೆಲದ ಮೇಲಿನ ಅನ್ನವನ್ನು ತೋರಿಸುತ್ತೇನೆ. ಗೇಟಿನ ಹೊರಗೆ ನೆರಳಿರುವ ಕಡೆ ಒಂದು ಮಣ್ಣಿನ ಬೋಗುಣಿ ಇಟ್ಟಿದ್ದೇನೆ. ಮಣ್ಣು ಜಿನುಗಿ, ಆವಿಯಾಗಿ, ನೀರು ತಾನಾಗಿ ತಣ್ಣಗಾಗುತ್ತದೆ. ಅದಕ್ಕೆ ಹಡಗೂ ಬೇಡ, ಕರೆಂಟೂ ಬೇಡ. ಬೆಳಗ್ಗೆ ಒಮ್ಮೆ ತೊಳೆದು ತುಂಬಬೇಕು, ಮಧ್ಯಾಹ್ನ ಇನ್ನೊಮ್ಮೆ.